ಅಜ್ಜನ ಗೋರಿಯ ನೀಲಿ ಸುಣ್ಣ

ಬ್ಯಾಸಗಿ ಕಾಲ. ಈಸ್ಟರ್ ಹಬ್ಬದ ಹಿಂದಿನ ಶನಿವಾರ ಮುಂಜಾನೆ, ಬಿಸಿಲು ಇನ್ನೂ ಏರಿರಲಿಲ್ಲ. ಪ್ರತಿಮಾ ಬಕೆಟ್ಟಿನ ತಳ ಕೆರೆದು ಕೊನೆಯ ಸುಣ್ಣ ಹಚ್ಚುವಾಗ ತಮ್ಮ ಬಾಳು ಓಡಿ ಬಂದ.

"ಇದು ಅಜ್ಜನ ಗೋರಿ ಅಲ್ಲಬೇ ಅಕ್ಕಾ. ಅಜ್ಜಂದು ಅಲ್ಲೈತಿ."

ಬ್ರಶ್ ಹಿಡಿದ ಕೈ ನಿಂತೇ ಬಿಟ್ಟಿತು.

ಅವರ ಲೂಥರನ್ ಚರ್ಚು ಹಳೇ ಊರಿನ ಗೋರಿಗಳ ನಡುವೆಯೇ ಇತ್ತು. ಯಾವ ಕಾಲದಲ್ಲೋ ಜರ್ಮನಿ ಪಾದ್ರಿಗಳು ಕಟ್ಟಿಸಿದ್ದು. ಬಡವರ ಗೋರಿಗಳಿಗೆ ಹೆಸರಿನ ಕಲ್ಲಿಲ್ಲ. ಬೇವಿನ ಗಿಡದ ಬುಡಕ್ಕಿರೋದು ಅಜ್ಜಂದು, ಅಷ್ಟೇ ಗುರುತು. ಡ್ಯಾಮಿನ ಹಿನ್ನೀರಿಗೆ ಊರೇ ಮುಳುಗುತ್ತದೆಂದು ಆ ವರ್ಷ ಗಿಡಗಳನ್ನೆಲ್ಲ ಕಡಿದಿದ್ದರು. ಪ್ರತಿಮಾ ಬೇರೆ ಗಿಡದ ಬೊಡ್ಡೆ ನೋಡಿ ಮೋಸ ಹೋಗಿದ್ದಳು.

"ಡ್ರಾಯಿಂಗ್‌ನ್ಯಾಗ ಫಸ್ಟ್ ಬಂದಾಕಿ ನೋಡು," ಎಂದ ಬಾಳು.

ಪ್ರತಿಮಾಗೆ ನಗು ಬರಲಿಲ್ಲ. ನಾಳೆ ನಸುಕಿನಲ್ಲಿ ಎಲ್ಲರೂ ಇಲ್ಲಿಯೇ ನಿಂತು ಹಾಡಬೇಕು. ಈ ಊರಲ್ಲಿ ಇದೇ ಕೊನೆಯ ಈಸ್ಟರ್. ಎಲ್ಲರ ಗೋರಿ ಬೆಳ್ಳಗೆ, ಅಜ್ಜನದೊಂದೇ ಮಣ್ಣು ಬಣ್ಣ. ಸುಣ್ಣ ತರೋಣವೆಂದರೆ ಊರ ಅಂಗಡಿಗಳೆಲ್ಲ ಹೊಸ ಊರಿಗೆ ಹೋಗಿದ್ದವು.

ಅಷ್ಟರಲ್ಲಿ ಒಬ್ಬ ಮುದುಕಿ, ಕೈಯಲ್ಲಿ ಡಬ್ಬಿ ಹಿಡಿದು, ಯಾವ ಬೊಡ್ಡೆಯನ್ನೂ ನೋಡದೆ ನೆಟ್ಟಗೆ ಆ ಬಿಳಿ ಗೋರಿಯ ಹತ್ತಿರ ಬಂದಳು. ಮಗ್ಗದ ಕೆಲಸಕ್ಕೆಂದು ಎಂದೋ ಊರು ಬಿಟ್ಟು ರಬಕವಿ ಸೇರಿದ್ದ ತಾರವ್ವ.

"ಇದಕ್ಕ ಯಾರು ಸುಣ್ಣ ಹಚ್ಚಿದ್ರವ್ವಾ?"

ಸುಮ್ಮನಿರಬಹುದಿತ್ತು. ಆದರೂ ಪ್ರತಿಮಾ ತಲೆ ತಗ್ಗಿಸಿ ಹೇಳಿದಳು, "ನಾನ್ರೀ ಆಯಿ. ನಮ್ಮಜ್ಜಂದು ಅಂತ ತಪ್ಪಿ ಹಚ್ಚಿದೆ."

ತಾರವ್ವ ಗೋರಿಯ ಮೇಲೆ ಕೈಯಿಟ್ಟಳು. ಹಸಿ ಸುಣ್ಣ ಅಂಗೈಗೆ ಹತ್ತಿತು.

"ಇಕಿ ನಮ್ಮಕ್ಕ. ಅವ್ವ ಸತ್ತ ಮ್ಯಾಲ ನನ್ನ ಜೋಪಾನ ಮಾಡಿದಾಕಿ. ಇಷ್ಟು ವರ್ಷ ನಾ ಒಬ್ಬಾಕಿನ ಬಂದು ಹಚ್ಚೀನಿ. ಇನ್ನೊಬ್ಬರ ಕೈ ಇಕಿಗೆ ಹತ್ತಿದ್ದು ಇವತ್ತ ಮೊದಲ."

ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ನೀಲಿ ಬೆರೆಸಿದ ಸುಣ್ಣ, ಅಕ್ಕನಿಗೆಂದು ಕಲಸಿಕೊಂಡು ತಂದದ್ದು.

"ನಿಮ್ಮಜ್ಜ ಎಲ್ಲಿದಾನ, ತೋರಸು."

ಮೂವರೂ ಕೂತು ಹಚ್ಚಿದರು. ಕಾಲಿನ ಕಡೆ ಸ್ವಲ್ಪ ಸಾಲಲಿಲ್ಲ.

ಮರುದಿನ ಹಾಡು ಮುಗಿಯುವಾಗ ಬೆಳಕಾಯಿತು. ಬಿಳಿ ಗೋರಿಗಳ ನಡುವೆ ಅಜ್ಜನದೊಂದೇ ತಿಳಿನೀಲಿ. ಇದೇನು ಬಣ್ಣವೆಂದು ಅವ್ವ ಕೇಳಿದಾಗ ಪ್ರತಿಮಾ ತಾರವ್ವನ ಕಡೆ ನೋಡಿದಳು. ಅಂಗೈಗೆ ಹತ್ತಿದ ಸುಣ್ಣವನ್ನು ತಾರವ್ವ ಇನ್ನೂ ತೊಳೆದಿರಲಿಲ್ಲ.

ಸೋಮವಾರ ತಾರವ್ವ ರಬಕವಿ ಬಸ್ ಹತ್ತಿದಳು. ಗುರುವಾರ ಪ್ರತಿಮಾಳ ಮನೆಯವರೂ ಸಾಮಾನು ಹೇರಿಕೊಂಡು ಹೊರಟರು. ಟ್ರ್ಯಾಕ್ಟರ್ ಹತ್ತುವ ಮೊದಲು ಅವಳು ಗೋರಿಗಳ ಹತ್ತಿರ ಓಡಿದಳು. ಮೊದಲು ತಾರವ್ವನ ಅಕ್ಕನಿಗೆ, ಆಮೇಲೆ ಅಜ್ಜನಿಗೆ, "ಹೋಗಿ ಬರ್ತೀನ್ರಿ" ಅಂದಳು.