ಹಲಗೆಯ ಬಲಗಡೆಯ ಬ್ರಷ್ಷು

ಥೂ! ಶೌಚಾಲಯ ಅಂತ ಬೋರ್ಡು ಹಾಕಿದ್ದ ಆ ಗೂಡಿನ ಬಾಗಿಲು ತೆರೆದವಳೇ ಮುಚ್ಚಿಬಿಟ್ಟೆ. ಒಳಗೆ ಒಂದು ಗುಂಡಿ, ಗುಂಡಿಯ ಮೇಲೆ ಎರಡು ದಿಮ್ಮಿ, ಇಡೀ ಊರಿಗೆ ಸಾಲುವಷ್ಟು ನೊಣ. ನಲ್ಲಿ ಇಲ್ಲ, ಲೈಟ್ ಇಲ್ಲ. ಬೆಟ್ಟದ ಕಾಡಿನ ನಡುವೆ ಈ ಕ್ಯಾಂಪು ಮಾಡಿದವರಿಗೆ ಮೂಗು ಅನ್ನುವುದು ಇರಲಿಲ್ಲವೋ ಏನೋ.

"ಹೇಗಿದೆ?" ಹೊರಗೆ ನಿಂತಿದ್ದ ಬಡಗಿ ನಗುತ್ತ ಕೇಳಿದ.

"ನಿಮ್ಮ ತಲೆ ಇದ್ದ ಹಾಗಿದೆ."

"ಹಾಗಾದ್ರೆ ಗಾಳಿ ಬೆಳಕು ಚೆನ್ನಾಗಿರಬೇಕು."

ನಕ್ಕಾಗ ಅವನ ಮುಂದಿನ ಹಲ್ಲಿನ ಮುರಿದ ಮೂಲೆ ಕಂಡಿತು. ನಮ್ಮ ಪರಿಚಯವಾದದ್ದೇ ಆ ಮೂಲೆಯಿಂದ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ. ದಿನವಿಡೀ ಊರವರ ಬಾಯೊಳಗೆ ಬೆಳಕು ಹಿಡಿದು ನಿಲ್ಲುವುದು ನನ್ನ ಕೆಲಸ. ಇವನು ಮೊಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಹಲ್ಲು ಮುರಿದುಕೊಂಡು ಬಂದಿದ್ದ. ಡಾಕ್ಟರು ಹಲ್ಲಿಗೆ ಕ್ಯಾಪ್ ಹಾಕುತ್ತೇನೆ ಎಂದರೆ, "ಬೇಡ ಡಾಕ್ಟ್ರೇ, ಮೊಳೆ ನಿಲ್ಲೋಕೆ ಒಳ್ಳೆ ಜಾಗ ಆಯ್ತು" ಎಂದ. ಹೋಗುವಾಗ ನಾನೇ ಅವನಿಗೊಂದು ಬ್ರಷ್ಷು ಕೊಟ್ಟೆ. ಕ್ಲಿನಿಕ್ಕಿನಲ್ಲಿ ಪುಕ್ಕಟೆ ಹಂಚುವ ಹಸಿರು ಬ್ರಷ್ಷು. ನಾನು ಬಳಸುವುದೂ ಅದನ್ನೇ. ಆಮೇಲೆ ಅವನಿಗೆ ವಾರವಾರವೂ ಹಲ್ಲುನೋವು ಶುರುವಾಯಿತು. ಅದೆಲ್ಲ ಸುಳ್ಳು ನೋವೆಂದು ಡಾಕ್ಟರಿಗೂ ಗೊತ್ತಿತ್ತು.

ಕಳೆದ ತಿಂಗಳು, ಮದುವೆ ಆಗೋಣವಾ ಎಂದು ಕೇಳಿಯೇಬಿಟ್ಟ. ಯಾಕೆ ಸುಳ್ಳು ಹೇಳಲಿ, ಅವನು ಬಂದಾಗೆಲ್ಲ ನಾನು ಮಾಸ್ಕಿನೊಳಗೆ ನಗುತ್ತಿದ್ದೆ. ಆದರೆ ನನ್ನ ಸ್ವಭಾವ ನನಗೆ ಗೊತ್ತು. ಅಮ್ಮ ಕುಡಿದ ಲೋಟದಲ್ಲೂ ನಾನು ನೀರು ಕುಡಿಯುವವಳಲ್ಲ. ಇನ್ನೊಬ್ಬರ ಜೊತೆ ಒಂದೇ ಮನೆ, ಒಂದೇ ಬಚ್ಚಲು ಎಂದರೆ ಹೇಗೆ?

"ನಮ್ಮ ಜೊತೆ ಕಾಡಿಗೆ ಬನ್ನಿ. ಅಕ್ಕ, ಭಾವ ಇರ್ತಾರೆ. ಅಲ್ಲಿ ನನ್ನ ಸಹಿಸ್ಕೊಂಡ್ರೆ ಎಲ್ಲಾದ್ರೂ ಸಹಿಸ್ಕೋತೀರಿ. ವಾಪಸ್ ಹೊರಡೋ ದಿನ ಉತ್ತರ ಹೇಳಿ," ಎಂದ. ನನ್ನ ಬುದ್ಧಿಗೆ ಮಂಕು ಬಡಿದಿತ್ತು, ಹೂಂ ಎಂದೆ.

ಬಂದದ್ದಕ್ಕೆ ಸರಿಯಾಗಿಯೇ ಅನುಭವಿಸಿದೆ. ಅಕ್ಕನ ಜೊತೆ ಮಲಗಬೇಕಾದ ಟೆಂಟಿನಲ್ಲಿ ಒದ್ದೆ ಸಾಕ್ಸಿನ ವಾಸನೆ. ಭಾವ ತೊಳೆದ ಪಾತ್ರೆಯಲ್ಲಿ ಬೆರಳಿಟ್ಟರೆ ಜಾರುವಷ್ಟು ಜಿಡ್ಡು. ಸೂಪಿನಲ್ಲಿ ರೆಕ್ಕೆಯ ಹುಳ ಬಿದ್ದರೆ ಭಾವ ಅದನ್ನು ಬೆರಳಲ್ಲಿ ತೆಗೆದೆಸೆದು, ಅದೇ ಬೆರಳನ್ನು ನೆಕ್ಕಿಕೊಂಡರು. ನಾನು ನನ್ನ ಬಟ್ಟಲನ್ನು ಹುಲ್ಲಿಗೆ ಬೋರಲು ಹಾಕಿದೆ.

ಮುಖ ತೊಳೆಯಲು ಹಳ್ಳದ ಪಕ್ಕ ಎರಡು ಗೂಟದ ಮೇಲೆ ಒಂದು ಹಲಗೆ ಬಡಿದಿದ್ದರು. ಮೊದಲ ಸಂಜೆ ನಾವಿಬ್ಬರೂ ಅಲ್ಲೇ ಹಳ್ಳಕ್ಕೆ ಮುಖ ಮಾಡಿ ಹಲ್ಲುಜ್ಜಿದೆವು. ಕ್ಲಿನಿಕ್ಕಿನ ಟ್ರೇಯಲ್ಲಿ ಬಲಗಡೆ ಶುದ್ಧ, ಎಡಗಡೆ ಬಳಸಿದ್ದು. ಕಣ್ಣು ಮುಚ್ಚಿದ್ದರೂ ನನ್ನ ಕೈ ಬಲಕ್ಕೇ ಹೋಗುತ್ತದೆ. ಹಾಗಾಗಿ ನನ್ನ ಬ್ರಷ್ಷನ್ನು ಹಲಗೆಯ ಬಲತುದಿಯಲ್ಲಿಟ್ಟು, ಅವನದನ್ನು ಎಡತುದಿಯಲ್ಲಿ ಇಡಿಸಿದೆ.

"ಪಾಪ, ಅವಾದ್ರೂ ಪಕ್ಕಪಕ್ಕ ಮಲಗ್ಲಿ ಬಿಡಿ."

"ನನ್ನ ಬ್ರಷ್ ಮುಟ್ಟಿದ್ರೆ ಕೈ ಮುರೀತೀನಿ."

ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನನ್ನನ್ನೇ ನೋಡುತ್ತ ನಿಂತ. ಕಣ್ಣು ಕೀಳಲೇ ಇಲ್ಲ. ನನ್ನ ಕಿವಿ ಬಿಸಿಯಾಯಿತು.

ಮರುದಿನ ಬೆಳಗ್ಗೆ ಹಲಗೆಯ ಈಚೆ ಕಾಲಿಡುವಂತಿರಲಿಲ್ಲ. ಭಾವ ಪಾತ್ರೆ ತೊಳೆದ ನೀರನ್ನೆಲ್ಲ ಅಲ್ಲೇ ಚೆಲ್ಲಿ, ಜಿಡ್ಡಿನ ರಾಡಿ ಮಾಡಿಟ್ಟಿದ್ದರು. ಉಸಿರು ಬಿಗಿಹಿಡಿದು ಸುತ್ತು ಹಾಕಿ, ಹಲಗೆಯ ಆಚೆ ಬದಿ ಹಳ್ಳಕ್ಕೆ ಬೆನ್ನು ಮಾಡಿ ನಿಂತು, ಬಲಗಡೆಯ ಬ್ರಷ್ಷು ತೆಗೆದುಕೊಂಡು ಉಜ್ಜತೊಡಗಿದೆ.

ಹೆಗಲಿಗೆ ಟವೆಲ್ ಹಾಕಿಕೊಂಡು ಬಂದ ಬಡಗಿ ನನ್ನನ್ನು ನೋಡಿ ಬಾಯಿ ತೆರೆದ. ಮತ್ತೆ ಮುಚ್ಚಿದ.

"ಏನು?" ಎಂದೆ, ಬಾಯಿತುಂಬ ನೊರೆ.

"ಏನಿಲ್ಲ. ಚೆನ್ನಾಗಿ ಉಜ್ಜಿ." ಬಂದ ದಾರಿಯಲ್ಲೇ ವಾಪಸಾದ.

ಆ ದಿನ ಕಾಲುದಾರಿಯಲ್ಲಿ ನಡೆಯುವಾಗ ಅವನು ಏನೋ ಗುಟ್ಟು ಹೇಳಲು ಹತ್ತಿರ ಬಾಗಿದ. ನಾನು ಹಿಂದೆ ಸರಿದು, "ಹಲ್ಲುಜ್ಜಿದ್ರಾ?" ಎಂದೆ. "ಹ್ಞೂಂ," ಎಂದ, ಬೇರೆಲ್ಲೋ ನೋಡುತ್ತ. ಇಂಥ ಹ್ಞೂಂಗಳನ್ನು ನಾನು ದಿನಾ ಕೇಳುತ್ತೇನೆ. ಸಂಜೆ ಮತ್ತೆ ಹಲಗೆಯ ಆಚೆ ನಿಂತು ನೋಡಿದೆ. ಎಡಗಡೆಯ ಬ್ರಷ್ಷಿನಲ್ಲಿ ನೀರಿನ ಪಸೆಯೂ ಇಲ್ಲ. ಮರುದಿನವೂ ಇಲ್ಲ.

ಹಲ್ಲುಜ್ಜುವುದಿಲ್ಲ, ಮೇಲೆ ಸುಳ್ಳು ಬೇರೆ! ಟೆಂಟಿನೊಳಗೆ ಹೋಗಿ ಮುಖ ಮುಚ್ಚಿಕೊಂಡು ಅತ್ತೆ. ಇವನನ್ನು ಬಿಟ್ಟಿರಲು ನನಗೆ ಆಗುವುದಿಲ್ಲ. ಇವನ ಬಾಯನ್ನು ನೆನೆದರೆ ಹೇಸಿಗೆ. ಬಾಳುವುದು ಹೇಗೆ?

ಹೊರಡುವ ದಿನ ಹಲ್ಲುಜ್ಜಿ, ಬ್ರಷ್ಷು ಕೈಯಲ್ಲಿರುವಾಗಲೇ ಹಲಗೆಯ ಹತ್ತಿರ ನಾನೇ ಅವನನ್ನು ನಿಲ್ಲಿಸಿದೆ.

"ಉತ್ತರ ಕೇಳಿದ್ರಲ್ಲ. ನನ್ನ ಕೈಲಾಗಲ್ಲ."

ಅವನ ಮುಖ ಸಪ್ಪಗಾಯಿತು. "ಯಾಕೆ ಅಂತ ಕೇಳ್ಬಹುದಾ?"

"ಹಲ್ಲುಜ್ಜದೇ ಇರೋರ ಜೊತೆ ನನಗೆ ಬಾಳೋಕಾಗಲ್ಲ."

ಅವನು ಹಲಗೆಯತ್ತ ನೋಡಿದ. ಮೊನ್ನೆಯ ಹಾಗೇ ಬಾಯಿ ತೆರೆದ, ಮುಚ್ಚಿದ. "ಸರಿ," ಎಂದು ಟೆಂಟ್ ಬಿಚ್ಚಲು ಹೋದ.

ಅಷ್ಟರಲ್ಲಿ ಒಲೆಯ ಹತ್ತಿರ ಅಕ್ಕನ ಕೂಗು: "ಲೋ, ಮೊಟ್ಟೆಗೆ ಹಾಕೋಕೆ ಒಂದು ಚಿಟಿಕೆ ಉಪ್ಪಿಲ್ಲ! ದಿನಾ ಡಬ್ಬಿ ಎತ್ಕೊಂಡು ಬಂಡೆ ಹಿಂದೆ ಹೋಗಿ ಬೆರಳಲ್ಲಿ ಹಲ್ಲು ತಿಕ್ತೀಯಲ್ಲ, ನಿನ್ನ ಬ್ರಷ್ಷಿಗೇನು ದೊಡ್ಡರೋಗ?"

ನಾನು ಕೈಯಲ್ಲಿದ್ದ ಬ್ರಷ್ಷನ್ನು ನೋಡಿದೆ. ಅಸಹ್ಯಕ್ಕೆ ಕಣ್ಣು ಅರೆಮುಚ್ಚದೆ, ಬಿಸಿಲಲ್ಲಿ ನೋಡಿದ್ದು ಅದೇ ಮೊದಲು. ಹಿಡಿಯ ತುದಿಯಲ್ಲಿ ಕಚ್ಚಿದ ಗುರುತು. ಗುರುತಿನ ಒಂದು ಮೂಲೆ ಖಾಲಿ. ಆ ಮೂಲೆಯ ಹಲ್ಲಿಗೆ ಬೆಳಕು ಹಿಡಿದವಳೇ ನಾನು! ಹಲಗೆಯ ಆಚೆಯಿಂದ ಬಲ ಎಂದರೆ ಈಚೆಯಿಂದ ಎಡ ಎಂದು ಆಗ ತಲೆಗೆ ಹೊಳೆಯಿತು.

"ಥೂ! ಥೂ ಥೂ ಥೂ!"

ಹಳ್ಳಕ್ಕೆ ಓಡಿದೆ. ಮುಕ್ಕಳಿಸಿದೆ, ಉಗಿದೆ, ಮತ್ತೆ ಮುಕ್ಕಳಿಸಿದೆ. ಅವನು ನನ್ನ ನೀರಿನ ಬಾಟಲಿ ಹಿಡಿದು ಓಡಿಬಂದು ದೂರದಲ್ಲೇ ನಿಂತ.

"ಮುಚ್ಚಳ ಮುಟ್ಟಿಲ್ಲ," ಎಂದ.

"ಮೊದಲನೇ ದಿನವೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಬೆಟ್ಟ ಇಳಿದು ಹೋಗ್ತಿದ್ರಿ."

"ನಿಮ್ಮದನ್ನ ವಾಪಸ್ ತಗೋಬಹುದಿತ್ತಲ್ಲ?"

"ನಿಮ್ಮ ಬ್ರಷ್ ಮುಟ್ಟಬಾರದು ಅಂದ್ರಿ. ನನ್ನದನ್ನ ನೀವು ಬಾಯಲ್ಲಿಟ್ಟಿದ್ರಿ. ಎರಡೂ ನಿಮ್ಮದೇ ಆದ್ಮೇಲೆ ನಾನು ಯಾವುದನ್ನ ಮುಟ್ಲಿ?"

"ಈಗ ಆಗಲ್ಲ ಅಂದೆನಲ್ಲ, ಆಗ್ಲಾದ್ರೂ ಹೇಳೋದು ತಾನೇ!"

"ನೀವು ಆಗಲ್ಲ ಅಂದ್ರೆ ಸಂಕಟ ನನಗೊಬ್ಬನಿಗೆ. ಹೇಳಿದ್ರೆ ನಿಮಗೆ ವಾಂತಿ."

ನಾನು ಹೊಟ್ಟೆ ಹಿಡಿದುಕೊಂಡು ವಾಂತಿಗಾಗಿ ಕಾದೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಬಗ್ಗಿಯೇ ಇದ್ದೆ. ಅದು ಬರಲಿಲ್ಲ. ಅಳು ಬಂತು, ಹಿಂದೆಯೇ ನಗು ಬಂತು. ನನ್ನ ಹೊಟ್ಟೆಯ ಮೇಲೆ ನನಗೇ ಸಿಟ್ಟು ಬಂತು.

"ಬಾಯಿ ತೆಗಿ," ಎಂದೆ.

ಅವನು ಹೆದರಿ ಆ ಎಂದ. ಹರಳುಪ್ಪು ತಿಕ್ಕಿ ತಿಕ್ಕಿ ವಸಡೆಲ್ಲ ಕೆಂಪಾಗಿ ಊದಿತ್ತು.

"ಹೀಗೆ ಉಜ್ಜೋದೇನೋ, ಪೆದ್ದ! ಮನೆಗೆ ಹೋದ್ಮೇಲೆ ಎರಡು ಬಣ್ಣದ ಬ್ರಷ್ ತಗೋಬೇಕು. ಬಚ್ಚಲಲ್ಲಿ ಎರಡು ಹಲಗೆ ಬಡಿಬೇಕು, ಬೇರೆಬೇರೆ ಗೋಡೆಗೆ."

"ಯಾರ ಬಚ್ಚಲಲ್ಲಿ?"

"ನಮ್ಮ ಬಚ್ಚಲಲ್ಲಿ."

ಅವನು ಬಾಯಿ ಮುಚ್ಚುವುದನ್ನೇ ಮರೆತ. ಆಮೇಲೆ ಮೆಲ್ಲಗೆ ಕೇಳಿದ, "ಒಂದೇ ಗೋಡೆಗೆ ಆಗಲ್ವಾ?"

"ಥೂ," ಎಂದೆ, ಅವನ ಕೈ ಹಿಡಿದುಕೊಂಡೆ. ಟೆಂಟಿನ ಕೆಸರು, ಭಾವನ ಪಾತ್ರೆಯ ಜಿಡ್ಡು ಎರಡೂ ಆ ಕೈಯಲ್ಲಿದ್ದವು. ಬಸ್ಸು ಬರುವವರೆಗೂ ಬಿಡಲಿಲ್ಲ.