ಚುಕ್ಕಿ ಮಾಮನ ಇಂಗ್ಲಿಷ್

ಶನಿಗ್ರಹದ ಬಳೆ ತೋರಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಅವಳು ಅವನ ಕಾಲು ತುಳಿದಳು.

ತಾರಾಲಯದ ಒಳಗೆ ಕಗ್ಗತ್ತಲು. ನೆತ್ತಿಯ ಮೇಲಿನ ಗುಮ್ಮಟದ ತುಂಬ ನಕ್ಷತ್ರಗಳು, ಕೆಳಗೆ ಒರಗು ಕುರ್ಚಿಗಳಲ್ಲಿ ಬಾಯಿ ತೆರೆದು ಕೂತ ಶಾಲೆಯ ಮಕ್ಕಳು. ಮೂಲೆಯ ಮೇಜಿನ ಮುಂದೆ ಮೈಕ್ ಹಿಡಿದು ಕೂತವನೇ ಚುಕ್ಕಿ ಮಾಮ. ತಡವಾಗಿ ಒಳಗೆ ನುಸುಳಿ, ಖಾಲಿ ಕುರ್ಚಿಗೆ ತಡಕಾಡುತ್ತಾ ಬಂದವಳ ಹಿಮ್ಮಡಿ ಅವನ ಕಿರುಬೆರಳಿನ ಮೇಲೆ ಊರಿತು. "ಅಯ್ಯಯ್ಯೋ, ಅಮ್ಮಾ!" ಎಂದು ಮೈಕಿನಲ್ಲೇ ಕೂಗಿಬಿಟ್ಟ. ಶನಿಯೇ ಅಳುತ್ತಿದ್ದಾನೆ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು.

"ನೋಡ್ರಪ್ಪಾ, ಅಷ್ಟೊಂದು ಬಳೆ ತೊಟ್ಕೊಂಡ್ರೆ ಯಾರಿಗಾದ್ರೂ ಕೈ ನೋಯಲ್ವಾ?" ಎಂದು ಅವನು ಹೇಗೋ ಸಂಭಾಳಿಸಿದ. ಪಕ್ಕದ ಕತ್ತಲಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮುಖ ಕಾಣುವ ಮೊದಲೇ ಆ ನಗು ಅವನಿಗೆ ಹಿಡಿಸಿತು. ಇಂಥ ವಿಷಯಕ್ಕೆ ಹೊತ್ತು ಗೊತ್ತು ಅಂತ ಏನಾದರೂ ಇದೆಯೇ!

ದೀಪ ಹತ್ತಿದ ಮೇಲೆ ಅವಳು ಎದುರು ಬಂದು ನಿಂತಳು. "ಕ್ಷಮಿಸಿ. ಕಾಲು ಹೇಗಿದೆ?"

"ಇದೆ. ಇನ್ನೂ ನನ್ನ ಹತ್ರಾನೇ ಇದೆ."

"ನಾನು ಇಂಗ್ಲಿಷ್ ಟೀಚರ್. ನಿಮಗೆ ಪಾಠ ಹೇಳೋಕೆ ಡೈರೆಕ್ಟರ್ ಕಳಿಸಿದ್ದಾರೆ."

ಅವನ ಮುಖದ ನಗು ಇಳಿದುಹೋಯಿತು. ಮುಂದಿನ ಸೀಸನ್ನಿನಿಂದ ಷೋಗಳೆಲ್ಲ ಇಂಗ್ಲಿಷಿನಲ್ಲೇ ಎಂದು ಡೈರೆಕ್ಟರ್ ಹೇಳಿ ವಾರವಾಗಿತ್ತು. ಕಮಿಟಿಯ ಮುಂದೆ ಒಂದು ಟ್ರಯಲ್ ಷೋ; ಅದರಲ್ಲಿ ಗೆದ್ದರೆ ಮೈಕ್ ಇವನದು, ಸೋತರೆ ಇಲ್ಲ. ಚಿಕ್ಕಂದಿನಲ್ಲಿ ನಾಲ್ಕು ಜನರೆದುರು ಬಾಯಿ ಬಿಡದ ಹುಡುಗ ಇವನು. ಮಾತು ಬಂದದ್ದೇ ಈ ಕತ್ತಲಲ್ಲಿ, ಈ ಮೈಕಿನ ಮುಂದೆ. ಅದನ್ನು ಕಿತ್ತುಕೊಂಡರೆ ಮಿಕ್ಕುವುದು ಏನು ಎಂದು ಯೋಚಿಸಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ನನಗೆ ಇಂಗ್ಲಿಷ್ ತಲೆಗೆ ಹತ್ತಲ್ಲ ಮೇಡಂ. ಸ್ಕೂಲಲ್ಲೇ ಕೈಮುಗಿದುಬಿಟ್ಟಿದ್ದೀನಿ."

"ಸ್ಕೂಲ್ ಇಂಗ್ಲಿಷ್ ಯಾರಿಗೆ ಬೇಕು? ನಿಮಗೆ ಆಕಾಶ ಗೊತ್ತು. ಅಲ್ಲಿಂದಲೇ ಶುರು ಮಾಡೋಣ."

ಹಾಗೆ ಶುರುವಾಯಿತು. ಮಧ್ಯಾಹ್ನದ ಷೋಗೂ ಸಂಜೆಯ ಷೋಗೂ ನಡುವಿನ ಬಿಡುವಿನಲ್ಲಿ, ಖಾಲಿ ಗುಮ್ಮಟದ ಕೆಳಗೆ. ಅವನು ಗುಂಡಿ ಒತ್ತಿ ಒಂದೊಂದನ್ನೇ ಆಕಾಶಕ್ಕೆ ತರುತ್ತಿದ್ದ, ಅವಳು ಅದಕ್ಕೆ ಇಂಗ್ಲಿಷ್ ಹೆಸರು ಹೇಳುತ್ತಿದ್ದಳು. ಕಾಮೆಟ್, ಎಕ್ಲಿಪ್ಸ್, ಹೊರೈಜನ್. ಕಣ್ಣೆದುರೇ ಇರುವ ವಸ್ತುವಾದ್ದರಿಂದ ಪದ ಜಾರಿ ಹೋಗುತ್ತಿರಲಿಲ್ಲ.

"ಆರ್ಬಿಟ್ ಅಂದ್ರೆ?"

"ಸುತ್ತೋ ದಾರಿ. ಹತ್ರ ಬರೋ ಹಾಗಿಲ್ಲ, ಬಿಟ್ಟು ಹೋಗೋ ಹಾಗೂ ಇಲ್ಲ."

"ಎರಡನೇದು ಡಿಕ್ಷನರಿಲಿ ಇಲ್ವಲ್ಲ!"

"ಡಿಕ್ಷನರಿ ಬರೆದೋರಿಗೆ ಅನುಭವ ಸಾಲದು ಬಿಡಿ."

ಅವಳು ಹುಬ್ಬು ಏರಿಸಿದಳು. ಅವನು ಬೇಗ ಗುಂಡಿ ಒತ್ತಿ ಇನ್ನೊಂದು ಗ್ರಹ ತಂದ. ತಾನು ನಾಚಿದ್ದು ಕತ್ತಲಲ್ಲಿ ಕಾಣಲಿಲ್ಲವೆಂದು ಅವನೆಣಿಕೆ. ಮೇಜಿನ ಮೇಲಿನ ಪುಟ್ಟ ಕೆಂಪು ದೀಪ ಎಲ್ಲವನ್ನೂ ತೋರಿಸುತ್ತಿತ್ತು.

ಆಮೇಲೆ ಅವಳು ಹಳೆಯ ಪುಸ್ತಕದ ಅಂಗಡಿಯಿಂದ ವಿಜ್ಞಾನ ಕಾದಂಬರಿಗಳನ್ನು ತರತೊಡಗಿದಳು. ರಾಕೆಟ್ಟಿನ ಚಿತ್ರದ ರಟ್ಟು ಹರಿದವು, ಕೊನೆಯ ಹಾಳೆ ಇಲ್ಲದವು. ಗಟ್ಟಿಯಾಗಿ ಓದುತ್ತಾ ಹೋಗಿ, ಗಗನನೌಕೆಗೆ ಬೆಂಕಿ ಬಿದ್ದ ಕಡೆ, ಆಕ್ಸಿಜನ್ ಮುಗಿಯುತ್ತಾ ಬಂದ ಕಡೆ ಟಪ್ಪನೆ ಪುಸ್ತಕ ಮುಚ್ಚುತ್ತಿದ್ದಳು.

"ಆಮೇಲೆ? ಬದುಕಿದನಾ?"

"ನಂಗೇನು ಗೊತ್ತು? ನೀವೇ ಓದಿ ನಾಳೆ ನನಗೆ ಹೇಳಿ."

"ಇದು ಅನ್ಯಾಯ ಮೇಡಂ."

"ಹೌದು, ಅನ್ಯಾಯಾನೇ."

ಪಾಪ, ಕಾಗದದ ಮೇಲೆ ಬೆರಳಿಟ್ಟುಕೊಂಡು, ಒಂದೊಂದು ಸಾಲಿಗೂ ಬೆವರು ಸುರಿಸಿ ಓದುತ್ತಿದ್ದ. ಗಗನಯಾತ್ರಿಯನ್ನು ಉಳಿಸಿಕೊಳ್ಳದೆ ನಿದ್ದೆ ಬರುವುದು ಹೇಗೆ? ಹಾಗೆಯೇ ಸ್ಟ್ರ್ಯಾಂಡೆಡ್ ಬಂತು, ರೆಸ್ಕ್ಯೂ ಬಂತು, ಕೌಂಟ್‌ಡೌನ್ ಬಂತು. ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಡ್ರೈವರಿಗೆ "ಸ್ಟ್ರ್ಯಾಂಡೆಡ್ ಆದ್ರಾ?" ಎಂದು ಕೇಳಿ ಬೈಸಿಕೊಂಡ. ಮನೆಯಲ್ಲಿ ಕುಕ್ಕರ್ ಇಟ್ಟರೆ ಕೌಂಟ್‌ಡೌನ್ ಶುರು ಮಾಡಿದ.

ಅವನು ಇದ್ದದ್ದು ಅಕ್ಕನ ಜೊತೆ. ಮೊಣಕಾಲು ನೋವಿನಿಂದ ಕೂತಲ್ಲೇ ಕೂತಿದ್ದರೂ ಅಕ್ಕನ ನಾಲಿಗೆಗೆ ಯಾವ ನೋವೂ ಇರಲಿಲ್ಲ. "ಇಷ್ಟು ವರ್ಷ ಇಲ್ಲದ ಓದು ಈಗ ಎಲ್ಲಿಂದ ಬಂತೋ? ಇದು ಓದೋರ ಮುಖ ಅಲ್ಲ ಕಣೋ, ಮದುವೆ ಗಂಡಿನ ಮುಖ."

"ಸುಮ್ನಿರಕ್ಕಾ."

"ನಾನು ಸುಮ್ನಿರ್ತೀನಿ. ನೀನೂ ಸುಮ್ನೇ ಇದ್ದುಬಿಡಬೇಡ ಅಷ್ಟೇ."

ರೆಕಾರ್ಡಿಂಗಿನ ಉಪಾಯ ಅವನದೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಪದಗಳು ಬಂದವು, ಆದರೆ ಷೋಗೆ ಬೇಕಾದ ಓಟ ಬರಲಿಲ್ಲ. ನಕ್ಷತ್ರ ಮುಳುಗುವ ಹೊತ್ತಿಗೆ ಸರಿಯಾಗಿ ಮಾತು ಮುಗಿಯಬೇಕು, ಮಕ್ಕಳು ನಗುವಷ್ಟು ಜಾಗ ಬಿಡಬೇಕು. "ನೀವು ಇಡೀ ಷೋ ಇಂಗ್ಲಿಷಲ್ಲಿ ಹೇಳಿಬಿಡಿ ಮೇಡಂ," ಎಂದ. "ನಾನು ಯಂತ್ರ ನಡೆಸ್ತೀನಿ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅಂತ ಭುಜ ಮುಟ್ಟಿ ಹೇಳ್ತೀನಿ. ಅದನ್ನ ಕೇಳಿ ಕೇಳಿ ನಾನು ಬಾಯಿಪಾಠ ಮಾಡ್ಕೋತೀನಿ."

ನಕ್ಷತ್ರ ತೋರಿಸುವ ಯಂತ್ರ ಹೊಸದು. ಒಂದು ಸಲ ನಡೆಸಿದ ಷೋವನ್ನು ಹಾಗೇ ನೆನಪಿಟ್ಟುಕೊಳ್ಳುತ್ತಿತ್ತು. ಕೈಯ ಒಂದೊಂದು ಚಲನೆಯನ್ನೂ, ಮೈಕಿಗೆ ಬಿದ್ದ ಒಂದೊಂದು ಮಾತನ್ನೂ. ಒಳ್ಳೆಯದೇ ಆಯಿತು, ತಿದ್ದಲು ಸುಲಭ ಎಂದುಕೊಂಡರು ಇಬ್ಬರೂ.

ಆ ಸಂಜೆಗಳು! ಅವನ ಬದುಕಿನಲ್ಲಿ ಸುಖ ಅಂತ ಇದ್ದರೆ ಅವೇ. ಅವನ ಬೆರಳು ಚಂದ್ರನನ್ನು ಮೇಲಕ್ಕೆತ್ತುತ್ತಿತ್ತು, ಅವಳ ದನಿ ಅದರ ಹಿಂದೆಯೇ ಏರುತ್ತಿತ್ತು. ನಿಲ್ಲಬೇಕಾದ ಕಡೆ ಅವನು ಅವಳ ಭುಜವನ್ನು ಬೆರಳ ತುದಿಯಿಂದ ಮುಟ್ಟುತ್ತಿದ್ದ. ಅವಳು ನಿಲ್ಲಿಸಿ, ಮಕ್ಕಳು ನಕ್ಕು ಮುಗಿಸುವಷ್ಟು ಹೊತ್ತು ಅವನನ್ನೇ ನೋಡುತ್ತಿದ್ದಳು. ಮೊದಮೊದಲು ಕಣ್ಣು, ಆಮೇಲೆ ತುಟಿಯ ಅಂಚು, ಆಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಕೆಂಪು ದೀಪ. ಆ ನೋಟಕ್ಕಾಗಿಯೇ ಅವನು ಬೇಡದ ಕಡೆಯೂ ಎರಡು ಮೂರು ನಿಲುಗಡೆ ಸೇರಿಸಿದ.

"ಇಲ್ಲಿ ಮಕ್ಕಳು ನಗ್ತಾರಾ?" ಎಂದು ಅವಳು ಒಮ್ಮೆ ಕೇಳಿದಳು. "ಬ್ಲ್ಯಾಕ್ ಹೋಲ್ ವಿಷಯದಲ್ಲಿ ನಗೋಕೆ ಏನಿದೆ?"

"ಕೆಲವು ಮಕ್ಕಳು ನಗ್ತಾರೆ."

"ಎಷ್ಟು ವಯಸ್ಸಿನ ಮಕ್ಕಳು?"

"ನಲವತ್ತರ ಹತ್ತಿರದವು."

ಅವಳು ನಕ್ಕಳು. ಆ ನಗುವೂ ರೆಕಾರ್ಡ್ ಆಗಿ, ಆಮೇಲೆ ಇಬ್ಬರೂ ಸೇರಿ ಅಳಿಸಿದರು. ಅಳಿಸುವಾಗ ಅವನಿಗೆ ಹೊಟ್ಟೆ ಉರಿಯಿತು.

ಮನೆಗೆ ಹೋಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದೇ ದನಿ ಕೇಳುತ್ತಾ ಮಲಗುತ್ತಿದ್ದ. ಟ್ರಯಲ್ ಹತ್ತಿರ ಬರುವ ಹೊತ್ತಿಗೆ ಇಡೀ ಷೋ ಅವನ ಬಾಯಲ್ಲಿತ್ತು. ಒಂದು ತಪ್ಪಿಲ್ಲದೆ ಹೇಳಿ ಮುಗಿಸಿದಾಗ ಅವಳ ಕಣ್ಣು ತುಂಬಿ ಬಂತು. "ಟ್ರಯಲ್ ಮುಗೀಲಿ," ಎಂದ ಅವನು, "ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ಇಂಗ್ಲಿಷಲ್ಲಾ?"

"ಯಾವುದರಲ್ಲಿ ಬಂದ್ರೆ ಅದರಲ್ಲಿ."

"ಯಾವುದರಲ್ಲಾದ್ರೂ ಹೇಳಿ. ನನಗೆ ಅರ್ಥ ಆಗುತ್ತೆ," ಎಂದಳು ಅವಳು ಕಾಲಿನ ಬೆರಳು ನೋಡುತ್ತಾ.

ಟ್ರಯಲ್ ದಿನ ಅಕ್ಕ ಹೊಸ ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಟ್ಟಳು. ಕಮಿಟಿಯವರು ಬಂದು ಒರಗಿ ಕೂತರು. ಅವನು ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಡೈರೆಕ್ಟರ್ ಕೈ ಅಡ್ಡ ಹಿಡಿದರು. "ಟ್ರಯಲ್ ಯಾಕ್ರೀ ಇನ್ನು? ಎಲ್ಲ ಯಂತ್ರದಲ್ಲೇ ರೆಡಿ ಮಾಡಿ ಇಟ್ಟಿದ್ದೀರಲ್ಲ! ಭೇಷ್!" ಎಂದು ಒಂದು ಗುಂಡಿ ಒತ್ತಿದರು.

ದೀಪ ಆರಿತು. ಯಾರೂ ಮುಟ್ಟದೆ ಚಂದ್ರ ಮೇಲೆದ್ದ. ಅವಳ ದನಿ ಗುಮ್ಮಟದ ತುಂಬ ಹರಡಿತು, ಒಂದು ಕೊಂಕಿಲ್ಲ, ಒಂದು ತಡವರಿಕೆ ಇಲ್ಲ. ಅವನು ನೋಟಕ್ಕೆಂದು ಸೇರಿಸಿದ್ದ ನಿಲುಗಡೆಗಳೂ ಹಾಗೇ ಬಂದವು. ಆ ಮೌನಗಳಲ್ಲಿ ಕಮಿಟಿಯವರಲ್ಲಿ ಯಾರೋ ಕೆಮ್ಮಿದರು. ಬಾಗಿಲ ಬಳಿ ಅವಳು ನಿಂತಿದ್ದಳು. ಮುಖ ಬಿಳಿಚಿಹೋಗಿತ್ತು, ತುಟಿ ಮುಚ್ಚಿತ್ತು. ಮೇಲೆ ಮಾತ್ರ ಅವಳ ಮಾತು ನಡೆದೇ ಇತ್ತು.

ಅವನು ಹೊರಗೆ ಬಂದ. ಅವಳು ಮೆಟ್ಟಿಲ ಮೇಲೆ ಅವನ ತೋಳು ಹಿಡಿದಳು. "ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ."

"ಗೊತ್ತು," ಎಂದ ಅವನು.

ನಂಬಿದ್ದ, ನಿಜವಾಗಿಯೂ ನಂಬಿದ್ದ. ಅದರಿಂದ ಕಷ್ಟ ಹೆಚ್ಚೇ ಆಯಿತು. ಮೋಸ ಮಾಡಿದ್ದರೆ ಬೈದು ಹಗುರಾಗಬಹುದಿತ್ತು. ಇಲ್ಲಿ ತನ್ನ ಗುಂಡಿ ತಾನೇ ತೋಡಿಕೊಂಡಿದ್ದ, ಅದೂ ಎಷ್ಟು ಸಂತೋಷದಿಂದ!

ಅವಳು ಡೈರೆಕ್ಟರ್ ಜೊತೆ ಜಗಳವಾಡಿದಳು. "ಅದು ಪಾಠಕ್ಕೆ ಮಾಡಿದ್ದು, ಅಳಿಸಿ," ಎಂದಳು. ತಾರಾಲಯದ ಯಂತ್ರದಲ್ಲಿ ಮಾಡಿದ್ದು ತಾರಾಲಯದ್ದೇ ಎಂದರು ಅವರು ನಗುನಗುತ್ತಲೇ. ಅಯ್ಯೋ, ಎಂಥ ಮರ್ಯಾದಸ್ಥರು! ಇವನನ್ನೂ ಕೈಬಿಡಲಿಲ್ಲ. ಮೈಕಿನ ಬದಲು ಒಂದು ಟಾರ್ಚ್ ಕೊಟ್ಟರು. ತಡವಾಗಿ ಬಂದವರನ್ನು ಕುರ್ಚಿಗೆ ತಲುಪಿಸುವ ಕೆಲಸ. ಅಕ್ಕನ ಔಷಧಿ ನೆನೆದು ಅವನು ಟಾರ್ಚ್ ಹಿಡಿದ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಷೋಗಳು. ಅಷ್ಟೂ ಸಲ ಅವಳ ದನಿ ಅವನ ಕತೆಗಳನ್ನು ಹೇಳುತ್ತಿತ್ತು, ಅವನ ಬೆರಳಿಲ್ಲದೆ ಅವನ ಚಂದ್ರ ಏರುತ್ತಿದ್ದ. ಅವನು ಗೋಡೆಗೆ ಒರಗಿ ನಿಂತು ಕೇಳಬೇಕು. ಹಳೆಯ ಗುರುತಿನ ಮಕ್ಕಳು "ಚುಕ್ಕಿ ಮಾಮ, ನೀನ್ಯಾಕೆ ಮಾತಾಡಲ್ಲ?" ಎಂದರೆ, "ಗಂಟಲು ಕೆಟ್ಟಿದೆ ಮರಿ," ಎನ್ನುತ್ತಿದ್ದ. ಬರಬರುತ್ತಾ ಅದು ನಿಜವೇ ಆಯಿತು. ಮನೆಯಲ್ಲೂ ಮಾತು ಹೊರಡುತ್ತಿರಲಿಲ್ಲ. ಅಕ್ಕ ತಮಾಷೆ ಮಾಡುವುದನ್ನು ಬಿಟ್ಟಳು.

ಅವಳು ಬರುತ್ತಿದ್ದಳು. ಷೋಗಳ ನಡುವೆ ಹೊರಗಿನ ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತಿದ್ದಳು. ಅವಳನ್ನು ದೂರದಿಂದ ಕಂಡಾಗ ಅವನ ಎದೆ ಹಿಗ್ಗುತ್ತಿತ್ತು. ಅವಳು "ಊಟ ಆಯ್ತಾ?" ಎಂದ ಕೂಡಲೇ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಇಷ್ಟು ಒಳ್ಳೆಯವಳು ಕೇಳಿದ ಇಷ್ಟು ಒಳ್ಳೆಯ ಮಾತಿಗೆ ಹೀಗಾಗಬಾರದು ಎಂದು ತನ್ನನ್ನೇ ಬೈದುಕೊಂಡ. ಬೈದರೆ ಹೋಗುವಂಥದ್ದಲ್ಲ ಅದು.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ಒಂದು ಮಾತು ಹೇಳೋದಿದೆ ಅಂದಿದ್ರಿ. ನೀವು ಹೇಳಲ್ಲ, ನಾನೇ ಹೇಳ್ತೀನಿ. ಇದನ್ನ ಬಿಟ್ಟು ಬನ್ನಿ. ಬೇರೆ ಊರು, ಬೇರೆ ಕೆಲಸ. ಅಕ್ಕನ್ನೂ ಕರ್ಕೊಂಡು ಹೋಗೋಣ. ನನಗೆ ನೀವು ಬೇಕು."

ಅವನು ಕಣ್ಣು ಮುಚ್ಚಿಕೊಂಡ. ಇದೇ ಮಾತಿಗಾಗಿ ಎಷ್ಟು ಕಾದಿದ್ದ! ಅದು ಬಂದದ್ದೂ ಅದೇ ದನಿಯಲ್ಲಿ, ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಎಲ್ಲರನ್ನೂ ಸ್ವಾಗತಿಸಲಿದ್ದ ದನಿಯಲ್ಲಿ.

"ಮೇಡಂ, ನನಗೂ ನೀವಂದ್ರೆ ಪ್ರಾಣ," ಎಂದ. ದಿನಗಟ್ಟಲೆ ಮಾತಾಡದ ಗಂಟಲು ಕರಕರ ಎಂದಿತು. "ಮೊದಲ ದಿನ ಕಾಲು ತುಳಿದ್ರಲ್ಲ, ಆವಾಗಿಂದಲೂ. ಸುಳ್ಳು ಹೇಳಲ್ಲ. ಆದ್ರೆ ನೀವು ಬಾಯಿ ತೆರೆದ್ರೆ ಸಾಕು, ನನ್ನ ಕುರ್ಚಿ ಖಾಲಿ ಇರೋದು ಕಾಣುತ್ತೆ. ತಪ್ಪು ನಿಮ್ಮದಲ್ಲ. ನಾನೇ ಕೂತು ನಿಮ್ಮ ಕೈಲಿ ಹೇಳಿಸಿದ್ದು. ಆದ್ರೂ ಆಗ್ತಿಲ್ಲ. ಎಷ್ಟು ಪ್ರಯತ್ನಪಟ್ಟೆ ಗೊತ್ತಾ? ಮದುವೆ ಆದ್ರೆ ದಿನಾ ಬೆಳಿಗ್ಗೆ ನೀವು ನನ್ನ ಕರೀತೀರಿ, ನಾನು ಮುಖ ತಿರುಗಿಸ್ತೀನಿ. ಒಂದಿನ ನೀವು ಅದನ್ನ ನೋಡಿಬಿಡ್ತೀರಿ. ಅದು ಬೇಡ. ನಿಮಗೆ ಅದು ಬೇಡ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲೇ ಅವನ ಭುಜ ತನಗೆ ತಾನೇ ಕುಗ್ಗಿದ್ದನ್ನು ಕಂಡಳು. ಬಾಯಿ ಮುಚ್ಚಿದಳು. ಕಣ್ಣೀರು ಸುರಿಯುತ್ತಿತ್ತು, ಬಿಕ್ಕಿದ ಸದ್ದೂ ಹೊರಗೆ ಬಾರದಂತೆ ತುಟಿ ಕಚ್ಚಿ ಹಿಡಿದಿದ್ದಳು. ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡು, ಷೋ ಬೆಲ್ ಹೊಡೆಯುವವರೆಗೂ ಹಾಗೇ ಕೂತಳು. ಬೆಲ್ ಹೊಡೆದ ಮೇಲೆ ಎದ್ದು ಗೇಟಿನ ಕಡೆ ನಡೆದಳು. ಹೋಗಿ ಬರ್ತೀನಿ ಎಂದು ಕೂಡ ಹೇಳಲಿಲ್ಲ. ಅವನಿಗಾಗಿ ಹೇಳಲಿಲ್ಲ.

ಅವನು ಒಳಗೆ ಹೋದ. ದೀಪ ಆರಿತ್ತು, ಅವಳ ದನಿ ಶುರುವಾಗಿತ್ತು. ಮೊಮ್ಮಕ್ಕಳ ಹಿಂದೆ ತಡವಾಗಿ ಬಂದ ಒಬ್ಬ ಮುದುಕಿ ಬಾಗಿಲಲ್ಲೇ ತಡವರಿಸುತ್ತಿದ್ದಳು. ಅವನು ಕೈ ಹಿಡಿದು, ಟಾರ್ಚ್ ಬೆಳಕು ನೆಲಕ್ಕೆ ಬಿಟ್ಟು ಕುರ್ಚಿಗೆ ಕರೆದೊಯ್ದ.

"ಏನು ಹೇಳ್ತಿದಾಳೋ ನಂಗೆ ಒಂದಕ್ಷರ ತಿಳಿಯಲ್ಲಪ್ಪ," ಎಂದಳು ಮುದುಕಿ ಪಿಸುದನಿಯಲ್ಲಿ. "ಆದ್ರೂ ದನಿ ಎಷ್ಟು ಚೆನ್ನಾಗಿದೆ! ಯಾರಪ್ಪ ಈಕೆ?"

"ನಮ್ಮ ಮನೆಗೆ ಬರಬೇಕಾಗಿದ್ದೋರು ಅಜ್ಜಿ," ಎಂದು ಅವನು ಟಾರ್ಚ್ ಆರಿಸಿದ.

"ಓ, ಹೌದಾ?" ಎಂದು ಮುದುಕಿ ಖುಷಿಯಿಂದ ಒರಗಿ ಕೂತಳು.