ಅರಸನ ತಲೆಯೊಳಗೆ ಹೋದ ಚಾಗಲೆ

ಬಹಳ ಬಹಳ ಹಿಂದೆ, ಬೆಟ್ಟಗಳು ಒಂದರ ಜೊತೆ ಒಂದು ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ, ನೆತ್ತಿಗಿರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಬಲ್ಲರಸ. ಅವನಿಗೆ ಒಬ್ಬಳೇ ಮಗಳು, ಹೆಸರು ಚಾಗಲೆ. ತಾಯಿ ಇಲ್ಲದ ಕೂಸೆಂದು ಅರಸ ಅವಳನ್ನು ಅಂಗೈಯಲ್ಲಿಟ್ಟು ಸಾಕಿದ್ದ. ಹುಡುಗಿಯೇನು ಮೆತ್ತಗಿರಲಿಲ್ಲ. ಅವಳು ಕತ್ತಿ ಹಿಡಿದು ಬಂದರೆ ಸೇನಾಪತಿಯೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ!

ಒಂದು ದಿನ ಅರಸನಿಗೆ ತಲೆನೋವು ಬಂತು. ಮಬ್ಬುಕಾಳ ಎಂಬ ಮಾಂತ್ರಿಕ ಇದನ್ನೇ ಕಾಯುತ್ತಿದ್ದ. ವೈದ್ಯನ ವೇಷದಲ್ಲಿ ಬಂದು, "ಪ್ರಭು, ಸ್ವಲ್ಪ ಕಿವಿ ತೋರಿಸಿ" ಅಂದ. ಅರಸ ತೋರಿಸಿದ. ಅಷ್ಟೇ! ಮಾಂತ್ರಿಕ ಸಾಸಿವೆ ಕಾಳಿನಷ್ಟಾಗಿ ಒಳಗೆ ನುಗ್ಗಿಬಿಟ್ಟ. ಅರಸ ಕೂತಲ್ಲೇ ಕಲ್ಲಾದ. ಉಸಿರು ಆಡುತ್ತಿತ್ತು, ಕಣ್ಣು ತೆರೆದಿತ್ತು. ಆದರೆ ಕಂಡದ್ದು ತಿಳಿಯದು, ಆಡಿದ್ದು ಕೇಳದು.

"ಅಪ್ಪಾಜಿ, ನಾನು! ನಿಮ್ಮ ಚಾಗಲೆ!" ಎಂದು ಮಗಳು ಮುಖಕ್ಕೆ ಮುಖ ತಂದು ಕೂಗಿದಳು. ಅರಸ ಗೋಡೆಯನ್ನು ನೋಡುವ ಹಾಗೆ ಅವಳನ್ನು ನೋಡಿದ. ಆ ನೋಟಕ್ಕೆ ಅವಳ ಎದೆ ಒಡೆದುಹೋಯಿತು.

ರಾಜವೈದ್ಯ ಬೊಪ್ಪಯ್ಯ ನಾಡಿ ಹಿಡಿದು ನೋಡಿ ತಲೆ ಅಲ್ಲಾಡಿಸಿದ. "ತಾಯಿ, ಬುರುಡೆ ಅನ್ನೋದು ಒಂದು ಕೋಟೆ. ಅದರೊಳಗೆ ಮೆದುಳು ಅನ್ನೋ ಪಟ್ಟಣ. ಅಲ್ಲಿಂದ ಹನ್ನೆರಡು ಜೋಡಿ ನರಗಳು ಹೆದ್ದಾರಿಗಳಾಗಿ ಹೊರಡುತ್ತವೆ. ಕಣ್ಣಿಗೆ, ಕಿವಿಗೆ, ಮೂಗಿಗೆ, ನಾಲಿಗೆಗೆ. ಒಂದಂತೂ ಎದೆ, ಹೊಟ್ಟೆಯ ತನಕ ಅಲೆದುಕೊಂಡು ಹೋಗುತ್ತದೆ. ಪಟ್ಟಣದ ನಟ್ಟನಡುವೆ ಒಂದು ಚಾವಡಿ ಇದೆ. ಕಂಡ ಸುದ್ದಿ, ಕೇಳಿದ ಸುದ್ದಿ ಅಲ್ಲಿ ನಿಂತು ಅಪ್ಪಣೆ ಪಡೆದು ಮೇಲಿನ ಬೆಟ್ಟಗಳಿಗೆ ಹೋಗಬೇಕು. ಆ ಕಳ್ಳ ಹೋಗಿ ಚಾವಡಿಯಲ್ಲೇ ಕೂತಿದ್ದಾನೆ. ಹೊತ್ತು ಮುಳುಗುವುದರೊಳಗೆ ಅವನನ್ನು ಎಬ್ಬಿಸದಿದ್ದರೆ ಮುಗೀತು. ಆಮೇಲೆ ನಿಮ್ಮಪ್ಪನ ಬಾಯಲ್ಲಿ ಅವನು ಮಾತಾಡುತ್ತಾನೆ. ನಿಮ್ಮಪ್ಪ ಎಂದಿಗೂ ತಿರುಗಿ ಬರೋದಿಲ್ಲ."

"ಹಾಗಾದರೆ ಇಲ್ಲೇನು ಕತೆ ಹೇಳ್ತಾ ಕೂತಿದ್ದೀರಿ!" ಎಂದವಳೇ ಚಾಗಲೆ ಭಂಡಾರಕ್ಕೆ ಓಡಿ ಮಾಯದ ಉಂಗುರ ತಂದಳು. ಅದನ್ನು ಬೆರಳಲ್ಲಿ ತಿರುಗಿಸಿದರೆ ತೊಟ್ಟವರು ಸಾಸಿವೆಯಷ್ಟಾಗುತ್ತಿದ್ದರು, ಇನ್ನೊಮ್ಮೆ ತಿರುಗಿಸಿದರೆ ಮೊದಲಿನಂತಾಗುತ್ತಿದ್ದರು. ಅದು ಹೇಗೆ ಅಂತ ನನ್ನನ್ನು ಕೇಳಬೇಡಿ. ಅರಮನೆ ಅಂದಮೇಲೆ ಅಂಥದ್ದೊಂದು ಉಂಗುರ ಇಲ್ಲದಿದ್ದರೆ ಹೇಗೆ?

ಮೊದಲು ಅವಳು ಕಣ್ಣಿನ ದಾರಿ ಹಿಡಿದಳು. ಕಣ್ಣಪಾಪೆಯೊಳಗೆ ಧುಮುಕಿದರೆ, ಅಬ್ಬಬ್ಬಾ, ಸಾವಿರಾರು ಓಟಗಾರರು! ಪ್ರತಿಯೊಬ್ಬನ ಕೈಯಲ್ಲೂ ಬೆಳಕಿನ ಒಂದೊಂದು ಚೂರು. ದಾರಿಯ ನಡುವೆ ಒಂದು ಕೂಡುರಸ್ತೆ ಬಂತು. ಅಲ್ಲಿ ಅರ್ಧ ಜನ ತಮ್ಮ ಬದಿಯಲ್ಲೇ ಓಡಿದರು, ಇನ್ನರ್ಧ ಜನ ಆಚೆ ಬದಿಗೆ ದಾಟಿಕೊಂಡರು. "ಯಾವ ಕಡೆಗೆ ಹೋಗಲಿ?" ಎಂದಳು ಚಾಗಲೆ. "ಯಾವ ಕಡೆಗೆ ಹೋದರೂ ಚಾವಡಿಗೇ ಅಮ್ಮಾ, ಓಡು!" ಎಂದರು ಅವರು. ಓಡಿದಳು. ಚಾವಡಿಯ ಬಾಗಿಲಿಗೆ ಅಡ್ಡಲಾಗಿ ಮಬ್ಬುಕಾಳ ಕಾವಲಿಗಿಟ್ಟ ಒಂದು ಮಂಕುಕರಡಿ ಮಲಗಿತ್ತು. ಅದರ ಉಸಿರು ತಾಗಿದವರೆಲ್ಲ ನಿಂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಕರಡಿ 'ಹಾ' ಎಂದು ಒಂದು ಸಲ ಊದಿತು. ಚಾಗಲೆ ಉರುಳಿ ಉರುಳಿ, ಅರಸನ ಕಣ್ಣೀರಿನ ಹನಿಯೊಂದಿಗೆ ಕೆನ್ನೆಯ ಮೇಲೆ ಜಾರಿ ಹೊರಗೆ ಬಿದ್ದಳು.

ಬಿದ್ದರೇನಂತೆ? ಎದ್ದು ಸೆರಗು ಕೊಡವಿ ಕಿವಿಯ ದಾರಿ ಹಿಡಿದಳು. ಅಲ್ಲಿ ತಮಟೆ ಬಡಿಯಿತು, ಮೂರು ಪುಟ್ಟ ಮೂಳೆಗಳು ಟಕಟಕ ಕುಟ್ಟಿದವು, ಬಸವನಹುಳುವಿನ ಚಿಪ್ಪಿನಂಥ ಸುರುಳಿ ಮೆಟ್ಟಿಲು ಬಂತು. ಪಕ್ಕದಲ್ಲೇ ನೀರು ತುಂಬಿದ ಮೂರು ಬಳೆಗಳು. ದೇಹ ಒಂದು ಕಡೆ ವಾಲದಂತೆ ಸಮತೋಲ ಕಾಯುವ ಬಳೆಗಳವು. ಗೊತ್ತಿಲ್ಲದೆ ಒಂದರೊಳಗೆ ಕಾಲಿಟ್ಟಳು ನೋಡಿ, ಮೇಲು ಕೆಳಗು ಒಂದೂ ತಿಳಿಯಲಿಲ್ಲ, ಗಿರಗಿರ ತಿರುಗಿದಳು! ಸದ್ದು ಹೊತ್ತು ಓಡುತ್ತಿದ್ದ ಒಬ್ಬ ಮುದಿ ಓಟಗಾರ ಅವಳ ಜಡೆ ಹಿಡಿದು ಈಚೆಗೆ ಎಳೆದ. ಇಬ್ಬರೂ ಚಾವಡಿಯ ಮುಂದೆ ಸಾಲಿನಲ್ಲಿ ನಿಂತರು.

"ನಮ್ಮ ಹಣೆಬರಹವೇ ಇಷ್ಟು," ಎಂದು ಮುದುಕ ಆಕಳಿಸುತ್ತ ಗೊಣಗಿದ. "ಬಾ, ನಿಲ್ಲು, ಕಾಯಿ. ಕಣ್ಣಿನವರೂ ಕಾಯಬೇಕು, ನಾವೂ ಕಾಯಬೇಕು. ಆ ಮೂಗಿನ ಮಂದಿಯ ಗತ್ತು ನೋಡಬೇಕು ನೀನು! ಚಾವಡಿ ಕಡೆ ತಿರುಗಿಯೂ ನೋಡಲ್ಲ, ನೆಟ್ಟಗೆ ನೆನಪಿನ ಉಗ್ರಾಣಕ್ಕೆ ನುಗ್ತಾರೆ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ..."

"ಏನಂದೆ ತಾತಾ? ಇನ್ನೊಮ್ಮೆ ಹೇಳು!"

ಮುದುಕ ಆಗಲೇ ಗೊರಕೆ ಹೊಡೆಯುತ್ತಿದ್ದ. ಕರಡಿ ಊದಿತು. ಚಾಗಲೆ ಕಿವಿಯ ಗುಗ್ಗೆಯ ಜೊತೆ ಹೊರಗೆ ಬಿದ್ದಳು. ರಾಜಕುಮಾರಿಗೆ ಒಪ್ಪುವ ವಿಷಯವಲ್ಲ, ಆದರೂ ನಡೆದದ್ದನ್ನು ಹೇಳಲೇಬೇಕಲ್ಲ. ಅವಳಿಗಂತೂ ಅದರ ಪರಿವೆಯೇ ಇರಲಿಲ್ಲ. ಉಂಗುರ ತಿರುಗಿಸಿ ಮೊದಲಿನಂತಾಗಿ ಖುಷಿಗೆ ಕುಣಿಯುತ್ತಿದ್ದಳು! "ಮೂಗು! ಮೂಗಿನ ದಾರಿ! ಬೇಗ ಒಂದು ವಾಸನೆ ತನ್ನಿ!"

ಅರಮನೆಯವರು ಅತ್ತರು ತಂದರು, ಗಂಧ ತೇಯ್ದರು, ಬುಟ್ಟಿಗಟ್ಟಲೆ ಮಲ್ಲಿಗೆ ಸುರಿದರು. ಅರಸನ ರೆಪ್ಪೆ ಕೂಡ ಅಲುಗಲಿಲ್ಲ. ದಿನಾ ಮೂಗಿಗೆ ಬಡಿಯುವ ವಾಸನೆಯಲ್ಲಿ ನೆನಪೆಲ್ಲಿರುತ್ತದೆ? ಸೂರ್ಯ ಆಗಲೇ ಬೆಟ್ಟದ ನೆತ್ತಿ ಮುಟ್ಟುತ್ತಿದ್ದ. ಆಗ ಚಾಗಲೆಗೆ ಥಟ್ಟನೆ ಹೊಳೆಯಿತು. ಅಮ್ಮ ತೀರಿಕೊಂಡ ವರ್ಷ ಅವಳಿಗೆ ಜ್ವರ ಬಂದಿತ್ತು, ಯಾರು ಕೊಟ್ಟರೂ ಒಂದು ತುತ್ತು ಮುಟ್ಟಿರಲಿಲ್ಲ. ಕಡೆಗೆ ಅರಸ ಅಡುಗೆಯವರನ್ನೆಲ್ಲ ಆಚೆ ಕಳಿಸಿ ತಾನೇ ಗಂಜಿಗೆ ಇಟ್ಟಿದ್ದ. ಅದು ತಳ ಹಿಡಿದು, ಸೀದು, ಅರಮನೆಯೆಲ್ಲ ಹೊಗೆ! ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿ ಅವತ್ತು ನಕ್ಕಿದ್ದರು. ಅಮ್ಮ ಹೋದಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

"ಸಿದ್ದವ್ವಾ, ಗಂಜಿಗಿಡು! ಸೀಯಿಸು!" ಎಂದು ಅಡುಗೆಮನೆಗೆ ಓಡಿದಳು.

"ಬೇಕಂತಲೇ ಸೀಯಿಸೋದಾ? ಶಿವಶಿವಾ! ನನ್ನ ಕೈಯಲ್ಲಾಗಲ್ಲ ಬುದ್ಧೀ!" ಎಂದು ಅಡುಗೆಯ ಸಿದ್ದವ್ವ ಬಾಯಿ ಬಡಿದುಕೊಂಡಳು. ಚಾಗಲೆ ತಾನೇ ಉರಿ ಎಬ್ಬಿಸಿದಳು. ಗಡಿಗೆ ಕರ‍್ರಗಾಯಿತು. ಹೊಗೆಯಾಡುವ ಗಡಿಗೆಯನ್ನು ತಂದು ಅರಸನ ಮೂಗಿನ ಕೆಳಗೆ ಹಿಡಿದರು, ಚಾಗಲೆ ಉಂಗುರ ತಿರುಗಿಸಿ ಹೊಗೆಯ ಜೊತೆ ಒಳಗೆ ಹಾರಿದಳು!

ಮೂಗಿನ ಮಾಳಿಗೆಯಲ್ಲಿ ಜರಡಿಯಂಥ ಮೂಳೆ. ಅದರ ತೂತಿನಲ್ಲಿ ತೂರಿದರೆ ಮೊದಲನೆಯ ಹೆದ್ದಾರಿ. ಚಾವಡಿಯನ್ನು ಪಕ್ಕಕ್ಕೆ ಬಿಟ್ಟು ಅದು ನೆಟ್ಟಗೆ ಉಗ್ರಾಣದ ಕಡೆ ಓಡಿತು. ಬಾಗಿಲಲ್ಲಿ ಬಾದಾಮಿಯಂಥ ಒಬ್ಬ ಕಾವಲುಗಾರ. ಭಯದ ಗಂಟೆ ಬಾರಿಸುವುದೇ ಅವನ ಕೆಲಸ. "ಹೊಗೆ! ಬೆಂಕಿ! ಸತ್ತೆವು! ಬಾಗಿಲು ಹಾಕಿ!" ಎಂದು ಢಣಢಣ ಬಾರಿಸಿದ. ಅರಸನ ಎದೆ ಹೊರಗೆ ಕೇಳುವಷ್ಟು ಜೋರಾಗಿ ಹೊಡೆದುಕೊಂಡಿತು.

ಚಾಗಲೆ ಕತ್ತಿಗೆ ಕೈ ಹಾಕಿದವಳು ತಡೆದಳು. ಹೆದರಿದವನನ್ನು ಇನ್ನೂ ಹೆದರಿಸಿ ಏನು ಬಂತು? "ಅಣ್ಣಾ, ಸುಟ್ಟಿರೋದು ಹೌದು. ಆದರೆ ಸ್ವಲ್ಪ ಮೂಸಿ ನೋಡು. ಏನು ಸುಟ್ಟಿದೆ?"

ಬಾದಾಮಿ ಮೂಸಿತು. ಮತ್ತೆ ಮೂಸಿತು. "ಅಯ್ಯೋ ಇವಳಾ... ಇದು ಗಂಜಿ ಅಲ್ವೇ! ಆವತ್ತು ನಕ್ಕ ದಿನದ್ದು!" ಎಂದು ಬಾಗಿಲು ತೆಗೆಯಿತು.

ಒಳಗೆ ನೆನಪುಗಳನ್ನು ಕಾಯುವ ಕಡಲಕುದುರೆ ಬಾಲ ಸುತ್ತಿಕೊಂಡು ಮಲಗಿತ್ತು. ಹೊಗೆ ತಾಗಿದ್ದೇ ತಡ, ಕೆನೆದು ಎದ್ದಿತು! ಉಗ್ರಾಣದ ಬಾಗಿಲುಗಳೆಲ್ಲ ದಡದಡ ತೆರೆದವು. ಬೆಟ್ಟದ ಒಂದೊಂದು ಮಡಿಕೆಯಲ್ಲೂ ದೀಪಗಳು ಹೊತ್ತಿಕೊಂಡವು. ಮೇಲಿನಿಂದ ಸಾವಿರಾರು ಓಟಗಾರರು "ಮಗಳು! ಮಗಳು ಎಲ್ಲಿ?" ಎಂದು ಕೂಗುತ್ತ ಚಾವಡಿಗೆ ಇಳಿದರು. ಕರಡಿ ಹೊರಗಿನಿಂದ ಬರುವವರಿಗೆ ಅಡ್ಡ ಮಲಗಿತ್ತೇ ಹೊರತು ಒಳಗಿನಿಂದ ದಂಡು ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬೆನ್ನಿಗೆ ಏಟು ಬಿದ್ದದ್ದೇ ಹೊಗೆಯಾಗಿ ಕರಗಿಹೋಯಿತು.

"ಗದ್ದುಗೆ ನನ್ನದು!" ಎಂದು ಮಬ್ಬುಕಾಳ ಅರಚಿದ.

"ಅದು ನಮ್ಮಪ್ಪನ ತಲೆ ಕಣೋ!" ಎಂದು ಚಾಗಲೆ ಚಾವಡಿಗೆ ನುಗ್ಗಿ ಕತ್ತಿ ಬೀಸಿದಳು. ಮಾಂತ್ರಿಕ ಬಿದ್ದಂಬೀಳ ಓಡಿದ. ಓಡಿ ಓಡಿ ಮೂಗಿನೊಳಕ್ಕೆ ಬಂದು ಹೊಗೆಯಲ್ಲಿ ಕಾಲು ಬಡಿದ. ಅಲ್ಲಿ ಕಚಗುಳಿಯಾದರೆ ಏನಾಗುತ್ತದೆ? ಅರಸ "ಆ... ಆ... ಆಕ್ಷೀ!" ಎಂದು ಸೀನಿದ, ಅರಮನೆಯ ಪಾರಿವಾಳಗಳೆಲ್ಲ ಹಾರಿಹೋದವು! ಮಬ್ಬುಕಾಳ ಕಿಟಕಿ ದಾಟಿ ಅಂಗಳಕ್ಕೆ ಬಿದ್ದ. ಸಾಸಿವೆ ಕಾಳೆಂದು ಒಂದು ಕೋಳಿ ಅವನನ್ನು ಕುಕ್ಕಿ ನುಂಗಿತು. ಅವನ ಕತೆ ಅಲ್ಲಿಗೆ ಮುಗಿಯಿತು.

ಚಾಗಲೆಯೂ ಹೊರಗೆ ಬಿದ್ದು, ಉಂಗುರ ತಿರುಗಿಸಿ ಅಪ್ಪನ ಮುಂದೆ ನಿಂತಳು. ಅಷ್ಟು ಹೊತ್ತು ಯಾವುದಕ್ಕೂ ಹೆದರದವಳಿಗೆ ಈಗ ಹೆದರಿಕೆಯಾಯಿತು. ಮತ್ತೆ ಗೋಡೆಯನ್ನು ನೋಡುವ ಹಾಗೆ ನೋಡಿದರೆ?

ಹೆದ್ದಾರಿಗಳು ಒಂದೊಂದಾಗಿ ಎಚ್ಚೆತ್ತವು. ಅರಸನ ಕಣ್ಣುಗುಡ್ಡೆ ಹೊರಳಿ ಅವಳ ಮೇಲೆ ನಿಂತಿತು. ಕೆನ್ನೆ ಅದುರಿತು, ತುಟಿಯ ತುದಿ ಮೇಲೆದ್ದಿತು. ಹೊಟ್ಟೆ ಗುರ‍್ರೆಂದಿತು. ಕಡೆಗೆ ನಾಲಿಗೆ ತಿರುಗಿತು.

"ಚಾಗೀ, ಯಾಕೆ ಮಗಳೇ ಅಳ್ತಿದ್ದೀಯಾ? ಸೀದರೆ ಸೀಯಲಿ ಬಿಡು. ಇಬ್ಬರೂ ಕೂತು ತಿನ್ನೋಣ, ಬಾ."

ಚಾಗಲೆ ಬಿಕ್ಕಿ ಬಿಕ್ಕಿ ನಕ್ಕಳು. ನೆತ್ತಿಗಿರಿಯ ಊರೂರಿನಲ್ಲಿ ನಗಾರಿ ಮೊಳಗಿತು, ಎಲ್ಲರೂ ಸುಖವಾಗಿ ಬಾಳಿದರು. ಆ ರಾತ್ರಿ ಅಪ್ಪ ಮಗಳು ಒಂದೇ ತಟ್ಟೆಯಲ್ಲಿ ಸೀದ ಗಂಜಿ ಉಂಡರು, ತಳದಲ್ಲಿದ್ದದ್ದನ್ನೂ ಬಿಡದೆ ಕೆರೆದು ತಿಂದರು.